ಸಂಗಾತಿ ಮೋಸ ಮಾಡ್ತಿದ್ದಾರಾ ಅಂತ ಹೇಳುವ ಆನ್‌ಲೈನ್ ಸೇವೆಗಳನ್ನು ನಂಬಬಹುದಾ?

ತಿಳಿನೀರು

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಕೆಲವು ವರ್ಷ ಆಯಿತು. ಇತ್ತೀಚೆಗೆ ಗಂಡನ ನಡವಳಿಕೆ ಬದಲಾಗಿದೆ. ಫೋನನ್ನು ಯಾವಾಗಲೂ ಬೋರಲು ಹಾಕಿ ಇಡುತ್ತಾರೆ. ಸ್ನಾನಕ್ಕೆ ಹೋಗುವಾಗಲೂ ಜೊತೆಗೇ ತೆಗೆದುಕೊಂಡು ಹೋಗುತ್ತಾರೆ. ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಕೇಳಿದರೆ ಆಫೀಸಿನ ನಿಯಮ ಅನ್ನುತ್ತಾರೆ. ಇರಬಹುದು. ಆದರೆ ತಲೆಯಲ್ಲಿ ಹುಳು ಹೊಕ್ಕಾಗಿದೆ, ರಾತ್ರಿ ನಿದ್ದೆ ಬರ್ತಿಲ್ಲ.

ಒಂದು ಸಲ ಇದರ ಬಗ್ಗೆ ಹುಡುಕಿದ್ದೇ ತಡ, ಈಗ ಎಲ್ಲಿ ನೋಡಿದರೂ ಅದೇ ಜಾಹೀರಾತು. ಒಬ್ಬರು ನಂಬರ್ ಕೊಟ್ಟರೆ ವಾಟ್ಸಾಪ್ ಚಾಟ್ ಪೂರ್ತಿ ತೋರಿಸ್ತೀವಿ ಅಂತಾರೆ. ಇನ್ನೊಬ್ಬರು ಫೋಟೊ ಹಾಕಿ, ಡೇಟಿಂಗ್ ಆಪ್‌ಗಳಲ್ಲಿ ಇದ್ದಾರಾ ಹೇಳ್ತೀವಿ ಅಂತಾರೆ. ಮತ್ತೊಬ್ಬರು ಗಂಡನ ಫೋನಿಗೇ, ಅವರಿಗೆ ಗೊತ್ತಾಗದ ಹಾಗೆ ಆಪ್ ಹಾಕಿಸಿ ಅಂತಾರೆ. ಇವುಗಳಲ್ಲಿ ಯಾವುದನ್ನಾದರೂ ನಂಬಬಹುದಾ? ಬಳಸಿದವರಿದ್ದರೆ ಹೇಳಿ. ದಯವಿಟ್ಟು "ಗಂಡನ ಮೇಲೆ ನಂಬಿಕೆ ಇರಬೇಕು" ಅನ್ನುವ ಉಪದೇಶ ಬೇಡ. ಅದು ಇದ್ದಿದ್ದರೆ ಇಲ್ಲಿಗೆ ಬರ್ತಾನೇ ಇರಲಿಲ್ಲ.

ಕೀಲಿಕೈ

ಉಪದೇಶ ಮಾಡಲ್ಲ ಮೇಡಂ. ನನ್ನ ಕೆಲಸವೇ ಮೊಬೈಲ್ ಸುರಕ್ಷತೆ. ನೀವು ಹೇಳಿದ ಮೂರೂ ಬೇರೆ ಬೇರೆ ಜಾತಿಯವು, ಒಂದೇ ಉತ್ತರ ಕೊಡೋಕಾಗಲ್ಲ.

ಮೊದಲನೆಯದು ಶುದ್ಧ ಮೋಸ. ವಾಟ್ಸಾಪ್ 2016ರ ಏಪ್ರಿಲ್‌ನಲ್ಲೇ ಎಲ್ಲರ ಚಾಟ್‌ಗೂ ಎಂಡ್‌ ಟು ಎಂಡ್ ಎನ್‌ಕ್ರಿಪ್ಷನ್ ತಂದಿತು. ಸಂದೇಶ ಬಿಚ್ಚುವ ಕೀಲಿ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ, ಅವರ ಖಾತೆಗೆ ಜೋಡಿಸಿದ ಕಂಪ್ಯೂಟರ್‌ನಂಥ ಸಾಧನಗಳಲ್ಲಷ್ಟೇ ಇರುತ್ತದೆ. ದಾರಿಯಲ್ಲಿ ವಾಟ್ಸಾಪ್ ಕಂಪನಿಗೇ ಓದೋಕಾಗಲ್ಲ. ಬರೀ ಫೋನ್ ನಂಬರ್ ಇಟ್ಟುಕೊಂಡು ಹೊರಗಿನವನೊಬ್ಬ ಆ ಚಾಟ್ ತಂದುಕೊಡುವುದು ಆಗದ ಮಾತು.

ಹಾಗಾದರೆ ಆ ಪುಟಗಳು ಏನು ಮಾಡ್ತವೆ? ನಂಬರ್ ಹಾಕಿದ ತಕ್ಷಣ ಹಸಿರು ಪಟ್ಟಿಯೊಂದು ನಿಧಾನವಾಗಿ ಮುಂದಕ್ಕೆ ಹೋಗುತ್ತದೆ. "ಸರ್ವರ್‌ಗೆ ಸಂಪರ್ಕ ಸಿಕ್ಕಿದೆ", "ಅಳಿಸಿದ ಫೋಟೊಗಳು ಪತ್ತೆಯಾಗಿವೆ" ಅಂತ ಸಾಲುಗಳು ಒಂದೊಂದಾಗಿ ಬರುತ್ತವೆ. ಕೊನೆಗೆ ಮಸುಕಾದ ಚಾಟ್ ಚಿತ್ರ. ಅದರ ಮೇಲೊಂದು ಬೀಗ. ಬೀಗ ತೆಗೆಯೋಕೆ ಕಾರ್ಡ್ ನಂಬರ್ ಕೊಡಿ, ಇಲ್ಲವೇ ಈ ಆಪ್ ಇನ್‌ಸ್ಟಾಲ್ ಮಾಡಿ ಅನ್ನುತ್ತದೆ. ಒಂದು ಪರೀಕ್ಷೆ ಹೇಳ್ತೀನಿ. ಅಲ್ಲಿ ಬರೀ ಸೊನ್ನೆಗಳನ್ನು ಹಾಕಿ, ಅಂಥ ನಂಬರ್ ಯಾರಿಗೂ ಇರಲ್ಲ. ಅದಕ್ಕೂ "ಫೋಟೊಗಳು ಪತ್ತೆಯಾಗಿವೆ" ಅಂದರೆ ಆ ಪುಟ ಏನನ್ನೂ ಹುಡುಕ್ತಿಲ್ಲ, ಸುಮ್ನೆ ಅನಿಮೇಷನ್ ಓಡಿಸ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ನಾನು ಇಂಥವನ್ನು ನೋಡಿದಾಗೆಲ್ಲ ಹೀಗೇ ಮಾಡ್ತೀನಿ.

ನಿದ್ದೆಗೆಟ್ಟು ಕೂತಿರುವವರನ್ನೇ ಗುರಿ ಮಾಡ್ತಾರಲ್ಲ, ಅದು ನನಗೆ ತಡೆಯೋಕಾಗಲ್ಲ.

ಹೊಂಗೆನೆರಳು

ನಾನು ಸ್ವಲ್ಪ ಬೇರೆ ಹೇಳಬೇಕು. ಎರಡನೇ ಜಾತಿಯದ್ದನ್ನು, ಅಂದರೆ ಡೇಟಿಂಗ್ ಆಪ್‌ನಲ್ಲಿ ಹುಡುಕುವ ಸೇವೆಯನ್ನು, ನಾನು ಬಳಸಿದ್ದೀನಿ. ನನಗೆ ಅದು ಸುಳ್ಳು ಹೇಳಲಿಲ್ಲ. ಪ್ರೊಫೈಲ್ ಸಿಕ್ಕಿತು. ಅದರಲ್ಲಿದ್ದ ಫೋಟೊ ನಾವಿಬ್ಬರೂ ಹೋದ ಪ್ರವಾಸದ್ದು, ನಾನೇ ತೆಗೆದಿದ್ದು. ನನ್ನನ್ನು ಕತ್ತರಿಸಿ ಹಾಕಿದ್ದರು, ನನ್ನ ಭುಜದ ತುದಿ ಇನ್ನೂ ಕಾಣ್ತಿತ್ತು. ಮುಂದಿಟ್ಟಾಗ ಒಪ್ಪಿಕೊಂಡರು. ಹಾಗಾಗಿ ಎಲ್ಲವೂ ಮೋಸ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ.

ಕಾಲುದಾರಿ

ಹೊಂಗೆನೆರಳು ಅವರೇ, ನಿಮಗಾದ ನೋವು ಅರ್ಥವಾಗುತ್ತದೆ. ನನ್ನ ಕಥೆ ಉಲ್ಟಾ. ಮದುವೆಗೆ ಮುಂಚೆ ಡೇಟಿಂಗ್ ಆಪ್‌ನಲ್ಲಿ ಒಂದು ಖಾತೆ ಇತ್ತು. ನನ್ನ ಹೆಂಡತಿ ಸಿಕ್ಕ ಮೇಲೆ ಆಪ್ ತೆಗೆದುಹಾಕಿದೆ. ಫೋನ್ ಕೂಡ ಬದಲಾಯಿತು. ಎಷ್ಟೋ ಕಾಲದ ಮೇಲೆ ಅವಳ ಗೆಳತಿಯೊಬ್ಬರು ಇಂಥದ್ದೇ ಸೇವೆಯಲ್ಲಿ ಸುಮ್ನೆ ನನ್ನ ಹೆಸರು ಹಾಕಿ ನೋಡಿದ್ದಾರೆ. "ಖಾತೆ ಇದೆ" ಅಂತ ಬಂತು.

ಆಮೇಲಿನ ದಿನಗಳನ್ನು ಯಾವ ಶತ್ರುವಿಗೂ ಬೇಡ ಅಂತೀನಿ. ಮಾಡದ ತಪ್ಪನ್ನು ಮಾಡಿಲ್ಲ ಅಂತ ತೋರಿಸೋದು ಹೇಗೆ? ಖಾತೆ ಇದ್ದದ್ದು ನಿಜ. ನಾನು ಅದನ್ನು ಮುಟ್ಟಿಲ್ಲ ಅನ್ನುವುದೂ ನಿಜ. ಆ ವರದಿಯಲ್ಲಿ ಮೊದಲನೆಯದು ಮಾತ್ರ ಇತ್ತು. ಕೊನೆಗೆ ಆಪ್ ಕಂಪನಿಯಿಂದಲೇ ನನ್ನ ಡೇಟಾ ಪೂರ್ತಿ ತರಿಸಿದೆ. ಕೊನೆಯ ಲಾಗಿನ್ ದಿನಾಂಕ ಮದುವೆಗೆ ಬಹಳ ಹಿಂದಿನದು. ಅದನ್ನು ಅವಳ ಕೈಗೆ ಕೊಟ್ಟ ಮೇಲೆ ಮನೆ ತಣ್ಣಗಾಯಿತು. ಗೆಳತಿಯರ ಗುಂಪಿನಲ್ಲಿ ಹಬ್ಬಿದ ಸುದ್ದಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಕೀಲಿಕೈ

ನೀವಿಬ್ಬರು ಹೇಳಿದ್ದೂ ನಿಜ. ಅದಕ್ಕೇ ಈ ಎರಡನೇ ಜಾತಿ ಜಾಸ್ತಿ ಅಪಾಯ ಅಂತ ನನಗನ್ನಿಸುವುದು. ಪೂರ್ತಿ ಸುಳ್ಳಾಗಿದ್ದರೆ ಜನ ಬೇಗ ಬಿಟ್ಟುಬಿಡ್ತಿದ್ದರು.

ಇದು ಹೊಸದೇನಲ್ಲ. 2016ರ ಏಪ್ರಿಲ್‌ನಲ್ಲಿ ಸ್ವೈಪ್‌ಬಸ್ಟರ್ ಅಂತ ಒಂದು ಬಂತು. ಹೆಸರು, ವಯಸ್ಸು, ಜಾಗ ಕೊಟ್ಟರೆ ಟಿಂಡರ್ ಅನ್ನುವ ಡೇಟಿಂಗ್ ಆಪ್‌ನಲ್ಲಿ ಹುಡುಕಿಕೊಡ್ತಿತ್ತು. ಆಮೇಲೆ ಅದೇ ಚೀಟರ್‌ಬಸ್ಟರ್ ಅಂತ ಹೆಸರು ಬದಲಾಯಿಸಿಕೊಂಡಿತು. ಅದನ್ನು ನೋಡಿ ಬೇರೆಯವೂ ಹುಟ್ಟಿಕೊಂಡವು. ಈಗ ಮುಖ ಹೋಲಿಸುವ ತಂತ್ರವೂ ಸೇರಿದೆ.

ತೊಂದರೆ ಎಲ್ಲಿ ಅಂದರೆ, ಫೋನಿನಿಂದ ಆಪ್ ತೆಗೆದರೆ ಖಾತೆ ಅಳಿಸಿ ಹೋಗಲ್ಲ. ಆಪ್ ಒಳಗೆ ಹೋಗಿ ಖಾತೆಯನ್ನೇ ಡಿಲೀಟ್ ಮಾಡಬೇಕು. ತುಂಬಾ ಜನ ಮಾಡಲ್ಲ. ಕಾಲುದಾರಿ ಅವರಿಗೆ ಆಗಿದ್ದು ಅದೇ. ಇನ್ನೊಂದು, ದುಡ್ಡು ಕೊಟ್ಟವರು ಟಿಂಡರ್‌ನಲ್ಲಿ ತಮ್ಮ ಜಾಗ ಬೇಕಾದ ಕಡೆಗೆ ಬದಲಾಯಿಸಿಕೊಳ್ಳಬಹುದು. ಹೆಸರು, ವಯಸ್ಸು ಅವರವರೇ ಕೊಡುವುದು. ಹಾಗಾಗಿ "ಸಿಗಲಿಲ್ಲ" ಅಂದರೂ ಇಲ್ಲ ಅಂತ ಅರ್ಥವಲ್ಲ. ಬಚ್ಚಿಟ್ಟುಕೊಳ್ಳಬೇಕು ಅಂತ ಹೊರಟವನು ಬೇರೆ ಹೆಸರು ಹಾಕಿಯೇ ಹಾಕ್ತಾನೆ. ನಿಮ್ಮ ಗಂಡನ ಫೋಟೊ ಕದ್ದು ಬೇರೆ ಯಾರೋ ನಕಲಿ ಖಾತೆ ತೆರೆದಿರಲೂಬಹುದು.

ಮುಖ ಹೋಲಿಕೆಯ ಲೆಕ್ಕ ನೋಡಿ. ಒಂದು ಯಂತ್ರ ಸಾವಿರ ಮುಖ ನೋಡಿದರೆ ಒಂದೇ ಒಂದು ಸಲ ತಪ್ಪುತ್ತದೆ ಅಂದುಕೊಳ್ಳಿ. ಕೇಳೋಕೆ ಭಾರಿ ಚೆನ್ನಾಗಿದೆ. ಅದನ್ನು ಒಂದು ಲಕ್ಷ ಪ್ರೊಫೈಲ್ ಮೇಲೆ ಓಡಿಸಿದರೆ ಸಂಬಂಧವೇ ಇಲ್ಲದ ನೂರು ಜನ "ಇವರೇ" ಅಂತ ಬರ್ತಾರೆ. ಅನುಮಾನದಲ್ಲಿರುವ ಕಣ್ಣಿಗೆ ಆ ನೂರರಲ್ಲಿ ಒಬ್ಬರಾದರೂ ಗಂಡನ ಹಾಗೇ ಕಾಣ್ತಾರೆ.

ಹೊಂಗೆನೆರಳು ಅವರೇ, ನಿಮಗೆ ಸತ್ಯ ಹೇಳಿದ್ದು ನೀವೇ ತೆಗೆದ ಫೋಟೊ. ಆ ಫೋಟೊ ಯಾವಾಗಿನದು ಅಂತ ನಿಮಗೆ ಗೊತ್ತಿತ್ತು. ಆ ಸೇವೆಗೆ ಗೊತ್ತಿರಲಿಲ್ಲ.

ಹೊಂಗೆನೆರಳು

ಇದನ್ನು ಹೀಗೆ ಯೋಚಿಸಿರಲಿಲ್ಲ. ಸರಿ. ಪ್ರವಾಸದ ಫೋಟೊ ಇಲ್ಲದೆ ಬರೀ ಹೆಸರು, ವಯಸ್ಸು ಬಂದಿದ್ದರೆ ಅವರು ಹಳೇ ಖಾತೆ ಅಂದಿರೋರು. ನಾನು ಏನೂ ಹೇಳೋಕಾಗ್ತಿರಲಿಲ್ಲ.

ನೇರಮಾತು

ಇಮೇಲ್ ಹಾಕಿ ಹುಡುಕುವುದು ಹೇಗೆ? ಸೋರಿಕೆಯಾದ ಪಟ್ಟಿಗಳಲ್ಲಿ ಇಮೇಲ್ ಇದೆಯಾ ಅಂತ ತೋರಿಸುವ ಪುಟಗಳಿವೆಯಲ್ಲ. ಇಮೇಲ್ ಅಂದರೆ ಮುಖದ ಹಾಗೆ ಹೋಲಿಕೆ ಪ್ರಶ್ನೆ ಇಲ್ಲ. ಇದೆ ಅಂದರೆ ಇದೆ.

ಹಳೇಕಡತ

ಇಮೇಲ್ ವಿಷಯದಲ್ಲಿ ಆಶ್ಲಿ ಮ್ಯಾಡಿಸನ್ ಕಥೆ ಎಲ್ಲರೂ ತಿಳಿದುಕೊಳ್ಳಬೇಕು. ಅದು ಮದುವೆಯಾದವರಿಗೆ ಹೊರಗಿನ ಸಂಬಂಧ ಹುಡುಕಿಕೊಡುವ ತಾಣ, ಕೆನಡಾದ ಕಂಪನಿಯದು. 2015ರ ಜುಲೈನಲ್ಲಿ ಹ್ಯಾಕ್ ಆಯಿತು. ಆಗಸ್ಟ್‌ನಲ್ಲಿ ಸುಮಾರು 3.6 ಕೋಟಿ ಖಾತೆಗಳ ವಿವರ ಹೊರಬಿತ್ತು. ಜನ ಮುಗಿಬಿದ್ದು ಗಂಡನ, ಹೆಂಡತಿಯ, ಪಕ್ಕದ ಮನೆಯವರ ಇಮೇಲ್ ಹುಡುಕಿದರು.

ಆ ತಾಣ ಇಮೇಲ್ ವಿಳಾಸ ನಿಜವಾಗಿ ನಿಮ್ಮದೇನಾ ಅಂತ ಪರೀಕ್ಷೆ ಮಾಡ್ತಾನೇ ಇರಲಿಲ್ಲ. ಯಾರು ಬೇಕಾದರೂ ಯಾರ ಇಮೇಲ್ ಬೇಕಾದರೂ ಹಾಕಿ ಖಾತೆ ತೆರೆಯಬಹುದಿತ್ತು. ಕೆನಡಾ ಮತ್ತು ಆಸ್ಟ್ರೇಲಿಯಾದ ಖಾಸಗಿತನ ಆಯುಕ್ತರು ಜೊತೆಯಾಗಿ ತನಿಖೆ ಮಾಡಿ 2016ರಲ್ಲಿ ವರದಿ ಕೊಟ್ಟರು. ಅದರಲ್ಲಿ ಇದನ್ನೇ ಎತ್ತಿ ಹೇಳಿದ್ದಾರೆ. ಆ ತಾಣಕ್ಕೆ ಯಾವತ್ತೂ ಹೋಗದವರ ಇಮೇಲ್ ಕೂಡ ಆ ಪಟ್ಟಿಯಲ್ಲಿ ಸೇರಿಕೊಳ್ಳಲು ದಾರಿ ಇತ್ತು. ಮುಖಪುಟದಲ್ಲಿದ್ದ "ವಿಶ್ವಾಸಾರ್ಹ ಸುರಕ್ಷತಾ ಪ್ರಶಸ್ತಿ"ಯ ಮುದ್ರೆಯೂ ಅವರೇ ಮಾಡಿಕೊಂಡದ್ದು. 19 ಡಾಲರ್ ಕೊಟ್ಟರೆ ನಿಮ್ಮ ವಿವರ ಪೂರ್ತಿ ಅಳಿಸ್ತೀವಿ ಅಂದಿದ್ದರು. ಪೂರ್ತಿ ಅಳಿಸಿರಲಿಲ್ಲ. ದುಡ್ಡು ಕೊಟ್ಟವರ ವಿವರವೂ ಹೊರಬಂತು.

ಸೋರಿಕೆ ತೋರಿಸುವ ಪ್ರಾಮಾಣಿಕ ತಾಣವೂ ಒಂದಿದೆ, ಟ್ರಾಯ್ ಹಂಟ್ ನಡೆಸುವ ಹ್ಯಾವ್ ಐ ಬೀನ್ ಪೌನ್ಡ್. ಅವರು ಆಗ ಏನು ಮಾಡಿದರು ಗೊತ್ತಾ? ಆಶ್ಲಿ ಮ್ಯಾಡಿಸನ್ ಡೇಟಾವನ್ನು ಸೂಕ್ಷ್ಮ ಅಂತ ಗುರುತು ಮಾಡಿದರು. ಆ ಇಮೇಲ್ ಯಾರದೋ ಅವರೇ ಖಚಿತಪಡಿಸಿದರೆ ಮಾತ್ರ ಫಲಿತಾಂಶ ಸಿಗುತ್ತದೆ. ಗಂಡನ ಇಮೇಲ್ ಹಾಕಿ ಹೆಂಡತಿ ನೋಡೋಕಾಗಲ್ಲ. ಸಂಗಾತಿಯ ಇಮೇಲ್ ಹಾಕಿ ದುಡ್ಡು ಕೊಟ್ಟರೆ ತೋರಿಸ್ತೀವಿ ಅನ್ನುವ ಪುಟ ಕಂಡರೆ ಈ ವ್ಯತ್ಯಾಸ ನೆನಪಿಡಿ.

ಬೆಳಕಿನಕಿಂಡಿ

ಮೂರನೆಯದರ ಬಗ್ಗೆ ನಾನು ಬರೀತೀನಿ. ನನ್ನ ಫೋನಿನಲ್ಲಿ ಅಂಥ ಆಪ್ ಇತ್ತು. ಹಾಕಿದ್ದು ಆಗ ನನ್ನ ಜೊತೆಗಿದ್ದವನು. ನಾನು ಯಾರ ಜೊತೆಗೂ ಹೋಗಿರಲಿಲ್ಲ. ಅವನಿಗೆ ಬರೀ ಅನುಮಾನ.

ಗೊತ್ತಾಗಿದ್ದು ಹೇಗೆ ಅಂದರೆ, ತಂಗಿಗೆ ಮಾತ್ರ ಬರೆದ ಮಾತನ್ನು ಅವನು ಜಗಳದಲ್ಲಿ ಆಡಿದ. ನಾನು ಬಳಸಿದ್ದ ಪದಗಳೇ. ಫೋನ್ ಸುಮ್ನೆ ಇಟ್ಟರೂ ಬೆಚ್ಚಗಿರ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಕೆಟ್ಟ ಆಪ್‌ಗಳನ್ನು ಹಿಡಿಯುವ ಗೂಗಲ್ ಪ್ಲೇ ಪ್ರೊಟೆಕ್ಟ್ ಆಫ್ ಆಗಿತ್ತು. ಆ್ಯಕ್ಸೆಸಿಬಿಲಿಟಿ ಪಟ್ಟಿಯಲ್ಲಿ "ಸಿಸ್ಟಮ್ ಸರ್ವೀಸ್" ಅಂತ ನಾನು ಹಾಕದ ಒಂದು ಹೆಸರು. ಅದಕ್ಕೆ ಪರದೆಯ ಮೇಲಿನ ಎಲ್ಲವನ್ನೂ ಓದುವ ಅನುಮತಿ.

ಅದರಿಂದ ಅವನ ಅನುಮಾನ ಕಡಿಮೆಯಾಯಿತು ಅಂದುಕೊಂಡಿರಾ? ಏನೂ ಸಿಗದಿದ್ದಾಗ ಇನ್ನೂ ಜಾಸ್ತಿಯಾಯಿತು. "ಎಲ್ಲವನ್ನೂ ಅಳಿಸ್ತಿದ್ದೀಯ" ಅನ್ನೋಕೆ ಶುರು ಮಾಡಿದ. ಸಹೋದ್ಯೋಗಿ ಕಳಿಸಿದ ಹುಟ್ಟುಹಬ್ಬದ ಶುಭಾಶಯಕ್ಕೂ ಉತ್ತರ ಕೊಡಬೇಕಾಯಿತು.

ತಿಳಿನೀರು ಅಕ್ಕ, ನೀವು ಅವನ ಥರ ಅಂತ ಹೇಳ್ತಿಲ್ಲ. ಆ ಆಪ್ ಇನ್ನೊಂದು ತುದಿಯಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಲಿ ಅಂತ ಬರೆದೆ.

ಕೀಲಿಕೈ

ಬೆಳಕಿನಕಿಂಡಿ ಅವರೇ, ಬರೆದದ್ದಕ್ಕೆ ಧನ್ಯವಾದ. ಇದೇ ಅನುಮಾನ ಇರುವವರು ಓದ್ತಿದ್ದರೆ ಒಂದು ಎಚ್ಚರಿಕೆ. ಆಪ್ ಕಂಡ ತಕ್ಷಣ ಕಿತ್ತು ಹಾಕಬೇಡಿ. ತೆಗೆದದ್ದು ಹಾಕಿದವನಿಗೆ ಗೊತ್ತಾಗುತ್ತದೆ. ಕೈ ಎತ್ತುವ ಮನುಷ್ಯನಾದರೆ ಆ ಹೊತ್ತೇ ಜಾಸ್ತಿ ಅಪಾಯ. ಮೊದಲು ಬೇರೆಯವರ ಫೋನಿನಿಂದ ಸಹಾಯ ಕೇಳಿ, ಸುರಕ್ಷಿತ ಜಾಗ ನೋಡಿಕೊಳ್ಳಿ. ಐಫೋನ್ ಆದರೆ ಐಓಎಸ್ 16ರಿಂದ ಸೇಫ್ಟಿ ಚೆಕ್ ಅಂತ ಇದೆ, ಯಾರಿಗೆ ಏನೇನು ಕಾಣ್ತಿದೆ ಅಂತ ತೋರಿಸುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಅಲ್ಲಿದ್ದರೆ ನಿಮ್ಮ ಚಾಟ್ ಬೇರೆಯವರು ಓದ್ತಿದ್ದಾರೆ ಅಂತಲೇ ಲೆಕ್ಕ.

ಇಂಥ ಗೂಢಚಾರಿಕೆ ಆಪ್ ಮಾರುವ ಕಂಪನಿಗಳ ಚರಿತ್ರೆಯನ್ನೂ ನೋಡಿ. ಎಂಸ್ಪೈ ಡೇಟಾ 2015ರಲ್ಲಿ ಸೋರಿತು, 2018ರಲ್ಲಿ ಸೋರಿತು, 2024ರಲ್ಲಿ ಮತ್ತೆ ಸೋರಿತು. 2024ರಲ್ಲಿ ಹೊರಬಂದದ್ದು ಗ್ರಾಹಕರು ಸಹಾಯ ಕೇಳಿ ಕಳಿಸಿದ ಪತ್ರಗಳು, ಅಂದರೆ ಗೂಢಚಾರಿಕೆ ಮಾಡಿಸಿದವರ ಇಮೇಲ್‌ಗಳೇ. ಪೋಲೆಂಡಿನ ಲೆಟ್‌ಮಿಸ್ಪೈ 2023ರ ಜೂನ್‌ನಲ್ಲಿ ಹ್ಯಾಕ್ ಆಗಿ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಪಿಸಿಟ್ಯಾಟಲ್‌ಟೇಲ್ 2024ರ ಮೇನಲ್ಲಿ ಹ್ಯಾಕ್ ಆಗಿ ಮುಚ್ಚಿತು. ಗಂಡನ ಫೋನಿನಲ್ಲಿ ನಿಮ್ಮ ಮಕ್ಕಳ ಫೋಟೊ ಇರುತ್ತದೆ, ನಿಮ್ಮ ಬ್ಯಾಂಕಿನ ಒಟಿಪಿ ಬರುತ್ತದೆ. ಅದೆಲ್ಲ ಇಂಥವರ ಸರ್ವರ್‌ಗೆ ಹೋಗುತ್ತದೆ.

ಕರಿಕೋಟು

ವಕೀಲಿ ಮಾಡ್ತೀನಿ, ಕುಟುಂಬದ ಪ್ರಕರಣಗಳೇ ಜಾಸ್ತಿ. ವಯಸ್ಕರ ಫೋನಿಗೆ ಅವರಿಗೆ ಹೇಳದೆ ಇಂಥ ಆಪ್ ಹಾಕುವುದು ತುಂಬಾ ದೇಶಗಳಲ್ಲಿ ಅಪರಾಧ. ಗಂಡ ಹೆಂಡತಿ ಅಂದಾಕ್ಷಣ ವಿನಾಯಿತಿ ಸಿಗಲ್ಲ. ಫೋನಿನ ಬಿಲ್ ನಾನೇ ಕಟ್ಟೋದು ಅನ್ನುವ ವಾದವೂ ನಡೆಯಲ್ಲ.

ಮಾರುವವರಿಗೂ ಶಿಕ್ಷೆ ಆಗಿದೆ. ಅಮೆರಿಕದಲ್ಲಿ ಸ್ಟೆಲ್ತ್‌ಜೀನಿ ಆಪ್ ಮಾರಿದವನು 2014ರಲ್ಲಿ ತಪ್ಪೊಪ್ಪಿಕೊಂಡ, 5 ಲಕ್ಷ ಡಾಲರ್ ದಂಡ ಬಿತ್ತು. ಸಂಗಾತಿ ಮೇಲೆ ಅನುಮಾನ ಇರುವವರೇ ನಮ್ಮ ಮುಖ್ಯ ಗಿರಾಕಿಗಳು ಅಂತ ಅವರ ವ್ಯಾಪಾರದ ಯೋಜನೆಯಲ್ಲೇ ಇತ್ತು. 2021ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸ್ಪೈಫೋನ್ ಕಂಪನಿಯನ್ನೂ ಅದರ ಮುಖ್ಯಸ್ಥನನ್ನೂ ಈ ವ್ಯಾಪಾರದಿಂದಲೇ ನಿಷೇಧಿಸಿತು. ಗೂಗಲ್ 2020ರಿಂದ ಇಂಥವುಗಳ ಜಾಹೀರಾತು ತೆಗೆದುಕೊಳ್ಳಲ್ಲ ಅಂತ ನಿಯಮ ಮಾಡಿದೆ. ಅದಕ್ಕೇ ಈಗ ಅವು "ಮಕ್ಕಳ ಸುರಕ್ಷತೆ" ಅಂತ ಬೋರ್ಡ್ ಹಾಕಿಕೊಂಡು ಬರುತ್ತವೆ.

ನನ್ನ ಮುಂದೆ ಕೂತು ಸ್ಕ್ರೀನ್‌ಶಾಟ್ ತೋರಿಸುವವರಿಗೆ ಮೊದಲು ಕೇಳುವುದು, ಇದು ನಿಮ್ಮ ಕೈಗೆ ಹೇಗೆ ಬಂತು ಅಂತ. ಆ ಪ್ರಶ್ನೆಗೆ ನೇರ ಉತ್ತರ ಇಲ್ಲದಿದ್ದರೆ ಎದುರು ಕಡೆಯ ವಕೀಲರಿಗೆ ಹಬ್ಬ. ಮೋಸ ಹೋದ ನೀವೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಬೇರೆಯಾಗುವ ಯೋಚನೆ ಇದ್ದರೆ ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ನಿಮ್ಮ ಕಡೆಯ ವಕೀಲರ ಹತ್ತಿರ ಮಾತಾಡಿ.

ನೇರಮಾತು

ಎಲ್ಲ ಸರಿ. ಆದರೆ ಮೋಸ ಮಾಡುವವನ ಖಾಸಗಿತನವನ್ನು ನಾವ್ಯಾಕೆ ಕಾಪಾಡಬೇಕು? ಅವನು ಮುರಿದದ್ದು ಸಣ್ಣ ಮಾತಾ?

ಬೆಳಕಿನಕಿಂಡಿ

ಮೋಸ ಮಾಡಿದ್ದಾನೆ ಅಂತ ಗೊತ್ತಿದ್ದರೆ ಆಪ್ ಬೇಕಾಗಿಲ್ಲ. ಗೊತ್ತಿಲ್ಲದಿದ್ದಾಗ ಹಾಕುವುದು ಅದು. ಅಂದರೆ ಮೋಸ ಮಾಡದವರ ಫೋನಿಗೂ ಅದು ಹೋಗುತ್ತದೆ. ನನ್ನ ಫೋನಿಗೆ ಬಂದದ್ದು ಹಾಗೇ.

ಮಲ್ಲಿಗೆಮೊಗ್ಗು

ಹೆಂಗಸರೇ ಸೇರಿ ಗಂಡಸರ ಬಗ್ಗೆ ಎಚ್ಚರಿಸುವ ಆಪ್‌ಗಳು ಪರವಾಗಿಲ್ವಾ? ಅಲ್ಲಿ ಕಂಪನಿ ಹೇಳುವುದಲ್ಲ, ಅನುಭವಿಸಿದವರೇ ಹೇಳ್ತಾರೆ.

ಹಳೇಕಡತ

ಉದ್ದೇಶ ಒಳ್ಳೆಯದು. ಆದರೆ ಟೀ ಅನ್ನುವ ಆಪ್‌ಗೆ ಏನಾಯಿತು ನೋಡಿ. ಸದಸ್ಯೆ ಹೆಂಗಸೇ ಅಂತ ಖಚಿತಪಡಿಸಲು ಸೆಲ್ಫಿ, ಗುರುತಿನ ಚೀಟಿ ಕೇಳ್ತಿದ್ದರು. 2025ರ ಜುಲೈನಲ್ಲಿ ಸುಮಾರು 72,000 ಚಿತ್ರಗಳು ಸೋರಿದವು. ಅದರಲ್ಲಿ 13,000ದಷ್ಟು ಆ ಸೆಲ್ಫಿ, ಗುರುತಿನ ಚೀಟಿಗಳೇ. ಸದಸ್ಯರ ನಡುವಿನ ಖಾಸಗಿ ಸಂದೇಶಗಳೂ ಹೊರಬಿದ್ದವು. ತಮ್ಮ ಸುರಕ್ಷತೆಗೆ ಅಂತ ಸೇರಿದ ಹೆಂಗಸರ ಮುಖವೇ ಬೀದಿಗೆ ಬಂತು.

ತಿಳಿನೀರು

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಆಪ್ ಹಾಕಲ್ಲ. ಫೋಟೊನೂ ಕೊಡಲ್ಲ. ಕಾಲುದಾರಿ ಅವರ ಮಾತು ಓದಿದಾಗ ಮನಸ್ಸು ನಿಂತಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ? ಗೊತ್ತಿಲ್ಲದೆ ಹೀಗೇ ಇರೋಕೆ ನನ್ನಿಂದ ಆಗ್ತಿಲ್ಲ.

ಆಲಿಸುವಕಿವಿ

ತಿಳಿನೀರು ಅವರೇ, ನಾನು ದಂಪತಿಗಳ ಆಪ್ತ ಸಮಾಲೋಚಕಿ. ನಿಮ್ಮ ಸಂಕಟ ಸಣ್ಣದಲ್ಲ. ಅನುಮಾನ ಪಡುವುದೇ ತಪ್ಪು ಅಂತ ಯಾರೂ ನಿಮಗೆ ಹೇಳದಿರಲಿ.

ನನ್ನ ಬಳಿ ಬರುವವರಿಗೆ ಮೊದಲು ಹೇಳುವುದು, ಫೋನನ್ನು ಬಿಟ್ಟು ನಿಮಗೆ ಕಂಡದ್ದನ್ನೇ ಮಾತಾಡಿ ಅಂತ. "ನೀವು ಯಾರ ಜೊತೆಗೋ ಇದ್ದೀರಿ" ಅಂತ ಶುರು ಮಾಡಿದರೆ ಅವರು ಇಲ್ಲ ಅಂತಾರೆ, ಮಾತು ಅಲ್ಲಿಗೇ ಮುಗಿಯಿತು. "ನೀವು ಫೋನ್ ಬೋರಲು ಹಾಕಿ ಇಡ್ತೀರಿ, ಸ್ನಾನಕ್ಕೂ ಒಯ್ಯುತ್ತೀರಿ. ಮೊದಲು ಹೀಗಿರಲಿಲ್ಲ. ನನಗೆ ನಿದ್ದೆ ಬರ್ತಿಲ್ಲ. ಏನು ನಡೀತಿದೆ ಹೇಳಿ" ಅಂತ ಕೇಳಿ. ಅದನ್ನು ಯಾರೂ ಅಲ್ಲಗಳೆಯೋಕಾಗಲ್ಲ, ಯಾಕೆಂದರೆ ನೀವು ಕಂಡದ್ದನ್ನಷ್ಟೇ ಹೇಳ್ತಿದ್ದೀರಿ. ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ತುಂಬೋಕೆ ಹೋಗಬೇಡಿ. ಬಚ್ಚಿಡುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಸಾಲ, ಆನ್‌ಲೈನ್ ಜೂಜು, ಕೆಲಸ ಹೋಗಿರುವುದು, ಕಾಯಿಲೆ. ಇವೆಲ್ಲವನ್ನೂ ನಾನು ಕಂಡಿದ್ದೀನಿ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಕೈ ಎತ್ತುವ, ಹೆದರಿಸುವ ಗಂಡನಾದರೆ ಮಾತ್ರ ಒಬ್ಬರೇ ಕೂತು ಕೇಳಬೇಡಿ.

ಕಳ್ಳತನವಿಲ್ಲದೆ ನೀವು ನೋಡಬಹುದಾದ್ದೂ ಇದೆ. ಇಬ್ಬರ ಹೆಸರಿನ ಬ್ಯಾಂಕ್ ಖಾತೆಯ ವಿವರ ನಿಮ್ಮದೂ ಹೌದು. ಅದನ್ನು ನೋಡೋಕೆ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು, ಸಂಕೋಚಪಡದೆ ಕೇಳಿ. ಅನುಮಾನ ಬಲವಾಗಿದ್ದರೆ ನೀವು ಲೈಂಗಿಕ ಸೋಂಕುಗಳ ಪರೀಕ್ಷೆ ಮಾಡಿಸಿಕೊಳ್ಳಿ. ಗಂಡನನ್ನು ಹಿಡಿಯೋಕಲ್ಲ, ನಿಮ್ಮ ಆರೋಗ್ಯಕ್ಕೆ. ಕೆಲವು ಸೋಂಕು ಲಕ್ಷಣವೇ ಇಲ್ಲದೆ ಒಳಗೆ ಇರುತ್ತವೆ, ಆಮೇಲೆ ಗರ್ಭಕೋಶದ ಕಡೆ ತೊಂದರೆ ಕೊಡುತ್ತವೆ. ಈಗಿನ ಎಚ್‌ಐವಿ ಲ್ಯಾಬ್ ಪರೀಕ್ಷೆಗೆ ಸೋಂಕು ಸಿಗಲು 18ರಿಂದ 45 ದಿನ ಬೇಕು. ಹಾಗಾಗಿ ಯಾವಾಗ ಮಾಡಿಸಬೇಕು ಅಂತ ವೈದ್ಯರನ್ನು ಕೇಳಿ. ಅನುಮಾನದಲ್ಲಿ ಬೇಯುವ ಹೆಂಗಸರು ತಮ್ಮ ಮೈಯನ್ನೇ ಮರೆತುಬಿಡ್ತಾರೆ, ಅದು ನನಗೆ ತುಂಬಾ ಬೇಜಾರು.

ತಿಳಿನೀರು

ಪರೀಕ್ಷೆಯ ಮಾತು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ವೈದ್ಯರ ಹತ್ತಿರ ಹೋಗ್ತೀನಿ. ಮಾತಿಗೂ ಕೂರ್ತೀನಿ, ರಜೆ ದಿನ ನೋಡಿಕೊಂಡು. ಪಕ್ಕದ ಕೋಣೆಯಲ್ಲಿ ಇರ್ತೀನಿ ಅಂತ ನನ್ನ ಅಕ್ಕ ಹೇಳಿದ್ದಾಳೆ.

ಗಾಳಿಪಟ_77

ತಡವಾಗಿ ನೋಡಿದೆ. ನನ್ನ ತಮ್ಮ ನಿನ್ನೆ ಇಂಥ ಒಂದು ಪುಟಕ್ಕೆ ಕಾರ್ಡ್‌ನಲ್ಲಿ ದುಡ್ಡು ಕಟ್ಟಿದ್ದಾನೆ. ಏನೂ ಸಿಗಲಿಲ್ಲ. ಈಗ ಇನ್ನೊಬ್ಬ ಮೆಸೇಜ್ ಮಾಡಿ, ನಾನು ಹ್ಯಾಕರ್, ತಮ್ಮನ ಸಂಗಾತಿಯ ಫೋನ್ ತೆಗೆದುಕೊಡ್ತೀನಿ, ಕಳೆದ ದುಡ್ಡೂ ವಾಪಸ್ ಕೊಡಿಸ್ತೀನಿ ಅಂತಿದ್ದಾನೆ. ಏನು ಮಾಡಲಿ?

ಕೀಲಿಕೈ

ಆ ಹ್ಯಾಕರ್‌ಗೆ ಒಂದು ಪೈಸೆಯೂ ಕೊಡಬೇಡಿ. ಒಮ್ಮೆ ಮೋಸ ಹೋದವರನ್ನೇ ಹುಡುಕಿಕೊಂಡು ಬರುವ ಎರಡನೇ ಮೋಸ ಅದು. ಮುಂದೆ "ನೀನು ಹ್ಯಾಕ್ ಮಾಡಿಸೋಕೆ ಬಂದಿದ್ದೆ ಅಂತ ಅವಳಿಗೇ ಹೇಳ್ತೀನಿ" ಅಂತ ಹೆದರಿಸಲೂಬಹುದು. ಹೆದರಿಸಿದರೆ ದುಡ್ಡು ಕೊಡದೆ ಸೈಬರ್ ಪೊಲೀಸರಿಗೆ ದೂರು ಕೊಡಿ. ಅವನ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕಟ್ಟಿದ ದುಡ್ಡಿನ ವಿಷಯ. ಇಂಥ ಪುಟಗಳು ಒಂದು ಸಲದ ಶುಲ್ಕ ಅಂತ ತೋರಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ಚಂದಾ ಅಂತ ಬರೆದಿರುತ್ತವೆ. ಫೋನಿನಿಂದ ಆಪ್ ತೆಗೆದರೂ ಚಂದಾ ನಿಲ್ಲಲ್ಲ. ಅವರ ಇಮೇಲ್ ರಸೀದಿಯಲ್ಲಿ ರದ್ದು ಮಾಡುವ ದಾರಿ ಇದೆಯಾ ನೋಡಿ. ಇದ್ದರೂ ಇಲ್ಲದಿದ್ದರೂ ಬ್ಯಾಂಕಿಗೆ ಇವತ್ತೇ ಫೋನ್ ಮಾಡಿ. ಆ ವ್ಯಾಪಾರಿಗೆ ಮುಂದಿನ ಪಾವತಿ ತಡೆಯಿರಿ, ಕಾರ್ಡ್ ಬ್ಲಾಕ್ ಮಾಡಿ ಹೊಸದು ಕೊಡಿ ಅಂತ ಹೇಳಿ. ಹೇಳಿದ ಸೇವೆ ಕೊಟ್ಟಿಲ್ಲ ಅಂತ ಲಿಖಿತವಾಗಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್, ಕೇಳಿ. ಅಲ್ಲಿ ಹಾಕಿದ ಪಾಸ್‌ವರ್ಡ್ ಬೇರೆ ಎಲ್ಲಾದರೂ ಇದ್ದರೆ ಅದನ್ನೂ ಬದಲಾಯಿಸಿ. ಅವರು ಏನಾದರೂ ಇನ್‌ಸ್ಟಾಲ್ ಮಾಡಿಸಿದ್ದರೆ ತಮ್ಮನ ಫೋನಿನ ಆ್ಯಕ್ಸೆಸಿಬಿಲಿಟಿ ಪಟ್ಟಿಯನ್ನು ಇಲ್ಲಿ ಹೆಸರು ಸಹಿತ ಬರೆಯಿರಿ, ಯಾವುದನ್ನು ತೆಗೆಯಬೇಕು ಅಂತ ಹೇಳ್ತೀನಿ.